ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ 52ನೇ ಹೆದ್ದಾರಿಯ ಮೇಲೆ ಝಳಕಿ ಇದೆ. ಉತ್ತರಕ್ಕೆ ಭೀಮಾ ದಾಟಿದರೆ ಮಹಾರಾಷ್ಟ್ರ. ಹೀಗಾಗಿ ಈ ಭಾಗದ ಹುಡುಗ ಹುಡುಗಿಯರಿಗೆ ಸಾಫ್ಟ್‌ವೇರ್ ನೌಕರಿ ಎಂದರೆ ಒಂದು ಕಡೆ ಪುಣೆ, ಇನ್ನೊಂದು ಕಡೆ ಬೆಂಗಳೂರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮನೆಗಳಲ್ಲಿ ಇನ್ಫೊಸಿಸ್, ಟಿಸಿಎಸ್, ವಿಪ್ರೊ ಹೆಸರು ಗೊತ್ತಿಲ್ಲದವರು ಕಡಿಮೆ. ಆದರೆ ಕಂಪ್ಯೂಟರ್ ಸೈನ್ಸ್ ಓದಿದವರೆಲ್ಲ ಆ ದೊಡ್ಡ ಗೇಟುಗಳ ಒಳಗೇ ಹೋಗುವುದಿಲ್ಲ. ಅನೇಕರು ಸೇರುವುದು ಹತ್ತಿಪ್ಪತ್ತು, ಹೆಚ್ಚೆಂದರೆ ಐವತ್ತು ಜನರಿರುವ, ಊರಲ್ಲಿ ಯಾರೂ ಹೆಸರು ಕೇಳಿರದ ಸಣ್ಣ ಕನ್ಸಲ್ಟೆನ್ಸಿಗಳನ್ನು. ಅಂಥ ಕಂಪನಿ ಹೇಗಿದೆ ಎಂದು ಮನೆಯವರು ಕೇಳಿದರೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: ಸಣ್ಣದು, ಆದರೆ ಮನೆಯ ಹಾಗೆ ಇದೆ, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ, ಮ್ಯಾನೇಜರ್ ಕೂಡ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಾರೆ. ಕೇಳಲು ಇದು ಚೆನ್ನಾಗಿದೆ. ಆದರೆ ಕೆಲಸದ ಜಾಗ ಹೇಗಿದೆ ಎಂಬುದಕ್ಕೆ ಇದು ಪುರಾವೆ ಅಲ್ಲ. ಸಣ್ಣ ಸಾಫ್ಟ್‌ವೇರ್ ಕನ್ಸಲ್ಟೆನ್ಸಿಯ ರೀತಿ ರಿವಾಜನ್ನು ನಿರ್ಧರಿಸುವುದು ಚಹಾ ಅಲ್ಲ, ಹೆಸರು ಹಿಡಿದು ಕರೆಯುವುದೂ ಅಲ್ಲ. ಅಲ್ಲಿಯ ಲೆಕ್ಕದ ಪುಸ್ತಕವನ್ನು ಯಾರು ನೋಡಬಹುದು, ಉಳಿದ ಲಾಭ ಯಾರದು ಎಂಬ ಎರಡು ಸಂಗತಿಗಳು ಉಳಿದೆಲ್ಲವನ್ನೂ ನಿರ್ಧರಿಸುತ್ತವೆ ಎಂಬುದು ಈ ಬರಹದ ವಾದ.

ಮೊದಲು ಈ ವ್ಯವಹಾರ ಏನೆಂದು ನೋಡೋಣ. ಕನ್ಸಲ್ಟೆನ್ಸಿ ತನ್ನದೇ ಆದ ಸರಕನ್ನು ಮಾರುವುದಿಲ್ಲ. ಇನ್ನೊಬ್ಬರಿಗೆ ಬೇಕಾದ ತಂತ್ರಾಂಶವನ್ನು ಬರೆದುಕೊಡುತ್ತದೆ. ಅದರ ಬಿಲ್ಲು ಎರಡು ಬಗೆಯದು. ಒಂದು, ಇಷ್ಟು ಜನ ಇಷ್ಟು ಗಂಟೆ ದುಡಿದರು ಎಂದು ಗಂಟೆಯ ಲೆಕ್ಕದಲ್ಲಿ. ಇನ್ನೊಂದು, ಕೆಲಸವಿಡೀ ಇಷ್ಟಕ್ಕೆ ಎಂದು ಮೊದಲೇ ಮಾತಾಡಿಕೊಂಡ ಗುತ್ತಿಗೆ. ಮೊದಲನೆಯದರಲ್ಲಿ ಗಿರಾಕಿ ಒಂದು ಗಂಟೆಗೆ ಕೊಡುವ ದರಕ್ಕೂ ಕೋಡ್ ಬರೆಯುವವರ ಗಂಟೆಯ ಪಗಾರಕ್ಕೂ ನಡುವೆ ಒಂದು ಅಂತರ ಇರುತ್ತದೆ. ಕಚೇರಿ ಬಾಡಿಗೆ, ಕಂಪ್ಯೂಟರು, ತೆರಿಗೆ, ಕೆಲಸವಿಲ್ಲದೆ ಬೆಂಚಿನ ಮೇಲೆ ಕೂತವರ ಸಂಬಳ ಎಲ್ಲ ಕಳೆದ ಮೇಲೆ ಆ ಅಂತರದಲ್ಲಿ ಉಳಿದದ್ದೇ ಲಾಭ. ನಮ್ಮ ಭಾಗದ ಕಬ್ಬು ಕಡಿಯುವ ಗ್ಯಾಂಗುಗಳ ವ್ಯವಸ್ಥೆ ಬಲ್ಲವರಿಗೆ ಇದು ಹೊಸದೇನಲ್ಲ. ಕಾರ್ಖಾನೆಯೊಂದಿಗೆ ಮಾತಾಡುವವನು ಮುಕಾದಮ, ಮುಂಗಡ ತರುವವನೂ ಅವನೇ, ಟನ್ನಿಗೆ ಎಷ್ಟು ಬಂತು ಎಂಬ ಪೂರ್ತಿ ಲೆಕ್ಕ ಇರುವುದೂ ಅವನ ಹತ್ತಿರವೇ. ಕುಡುಗೋಲು ಹಿಡಿದವರಿಗೆ ಗೊತ್ತಿರುವುದು ತಮ್ಮ ಪಾಲು ಮಾತ್ರ. ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಜಾವಾ ಬರೆಯುವವರನ್ನು ಬಿಸಿಲಲ್ಲಿ ಕಬ್ಬು ಕಡಿಯುವವರ ಜತೆ ಇಡುವುದು ಅತಿಯಾಯಿತು ಎನ್ನಬಹುದು. ಪಗಾರದಲ್ಲಿ, ದೇಹದ ದಣಿವಿನಲ್ಲಿ ಹೋಲಿಕೆ ಖಂಡಿತ ಇಲ್ಲ. ನಾನು ಹೇಳುತ್ತಿರುವುದು ಮಾಹಿತಿ ಹರಿಯುವ ದಾರಿಯ ಬಗ್ಗೆ ಮಾತ್ರ. ಗಿರಾಕಿಯೊಂದಿಗೆ ಏನು ಮಾತಾಯಿತು, ಎಷ್ಟಕ್ಕೆ ಒಪ್ಪಂದವಾಯಿತು, ಯಾವ ದಿನಾಂಕಕ್ಕೆ ಮಾತು ಕೊಟ್ಟರು ಎಂಬುದು ಇಬ್ಬರು ಮೂವರು ಸ್ಥಾಪಕರಿಗೆ ಗೊತ್ತಿರುತ್ತದೆ. ಕೆಲಸ ಮಾಡುವವರಿಗೆ ತಲುಪುವುದು ದಿನಾಂಕವೊಂದೇ.

ಎರಡನೇ ಬಗೆಯ ಒಪ್ಪಂದದಲ್ಲಿ ಇದರ ಪರಿಣಾಮ ಇನ್ನೂ ಸ್ಪಷ್ಟ. ಕೆಲಸವಿಡೀ ಇಷ್ಟಕ್ಕೆ ಎಂದು ಒಪ್ಪಿಕೊಂಡ ಮೇಲೆ, ಅಂದಾಜು ತಪ್ಪಿದರೆ ಹೆಚ್ಚಾದ ಪ್ರತಿ ಗಂಟೆಯೂ ಕಂಪನಿಯ ನಷ್ಟ. ಆ ನಷ್ಟವನ್ನು ಯಾರು ಹೊರಬೇಕು? ಪಗಾರ ತಿಂಗಳಿಗೆ ಇಷ್ಟೆಂದು ಗೊತ್ತಾಗಿದೆ, ಹೆಚ್ಚಿನ ಗಂಟೆಗೆ ಹೆಚ್ಚಿನ ಹಣವಿಲ್ಲ ಎಂದಾದರೆ ಉತ್ತರ ಸುಲಭ: ರಾತ್ರಿ ಹತ್ತರವರೆಗೆ ಕೂತವರು ಹೊರುತ್ತಾರೆ. ಕೆಲಸ ಹಿಡಿಯಲೆಂದು ಕಡಿಮೆ ದರ ಹೇಳಿದವರು ಸ್ಥಾಪಕರು. ಆ ಕಡಿಮೆಯನ್ನು ತುಂಬಿದ್ದು ಉಳಿದವರ ಶನಿವಾರ, ಭಾನುವಾರ. ಇಲ್ಲಿ ಯಾರೂ ಕೆಟ್ಟವರಾಗಿರಬೇಕಿಲ್ಲ. ಸ್ಥಾಪಕರು ತಾವೂ ರಾತ್ರಿ ಕೂತಿರುತ್ತಾರೆ, ಪಿಜ್ಜಾ ತರಿಸಿರುತ್ತಾರೆ. ಆದರೆ ಅವರು ತಮ್ಮ ಪಾಲಿನ ಲಾಭಕ್ಕಾಗಿ ಕೂತಿದ್ದಾರೆ, ಉಳಿದವರು ಅದೇ ಲಾಭಕ್ಕಾಗಿ ಪಾಲಿಲ್ಲದೆ ಕೂತಿದ್ದಾರೆ. ಮನೆ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದೂ ಇಂಥ ರಾತ್ರಿಗಳಲ್ಲೇ.

ಹಾಗೆಂದು ಸಣ್ಣದಾಗಿರುವುದಕ್ಕೆ ಬೆಲೆಯೇ ಇಲ್ಲ ಎಂದಲ್ಲ. ತಂತ್ರಾಂಶದ ಕೆಲಸದಲ್ಲಿ ಸಣ್ಣ ತಂಡಕ್ಕೆ ನಿಜವಾದ ಅನುಕೂಲವಿದೆ, ಅದು ಗಣಿತದ ಅನುಕೂಲ. ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಎಂಟು ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 28. ಇಪ್ಪತ್ತು ಜನರಾದರೆ 190. ಐವತ್ತಾದರೆ 1225. ಜನ ಹೆಚ್ಚಿದಂತೆ ಕೆಲಸಕ್ಕಿಂತ ವೇಗವಾಗಿ ಬೆಳೆಯುವುದು ಒಬ್ಬರಿಗೊಬ್ಬರು ತಿಳಿಸಿ ಹೇಳುವ ಹೊರೆ. ಆದ್ದರಿಂದಲೇ ತಡವಾದ ಯೋಜನೆಗೆ ಇನ್ನಷ್ಟು ಜನರನ್ನು ತಂದು ಹಾಕಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದರು ಬ್ರೂಕ್ಸ್. ಎಂಟು ಜನರ ತಂಡ ಬೆಳಿಗ್ಗೆ ಹದಿನೈದು ನಿಮಿಷ ನಿಂತು ಮಾತಾಡಿ, ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ತಿದ್ದಿ, ಕಠಿಣ ಭಾಗವನ್ನು ಇಬ್ಬರು ಒಂದೇ ಪರದೆಯ ಮುಂದೆ ಕೂತು ಬರೆದು ಮುಗಿಸಬಲ್ಲದು. ಹೊಸದಾಗಿ ಸೇರಿದವರು ಇಂಥ ಕಡೆ ಒಂದು ವರ್ಷದಲ್ಲಿ ಕಲಿಯುವುದನ್ನು ದೊಡ್ಡ ಕಂಪನಿಯ ಮೂಲೆಯಲ್ಲಿ ಮೂರು ವರ್ಷ ಕೂತರೂ ಕಲಿಯದೇ ಹೋಗಬಹುದು. ಸಣ್ಣ ಕಂಪನಿ ಸೇರಬೇಡಿ ಎನ್ನುವ ಹಿತೈಷಿಗಳಿಗೆ ಈ ಸಂಗತಿ ನೆನಪಿರಬೇಕು.

ಆದರೆ ಸಣ್ಣದಾಗಿರುವುದರ ಇನ್ನೊಂದು ಮುಖ ಕಾನೂನಿನಲ್ಲಿದೆ. ನಮ್ಮ ಕಾರ್ಮಿಕ ಕಾನೂನುಗಳು ತಲೆ ಎಣಿಸಿ ಅನ್ವಯವಾಗುತ್ತವೆ. ಭವಿಷ್ಯ ನಿಧಿ ಕಡ್ಡಾಯವಾಗುವುದು ಇಪ್ಪತ್ತು ಜನರಿರುವ ಸಂಸ್ಥೆಗೆ. ಗ್ರ್ಯಾಚುಟಿಗೆ ಹತ್ತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕಾದದ್ದು ಹತ್ತು ಜನರಿರುವಲ್ಲಿ. ಅದಕ್ಕಿಂತ ಸಣ್ಣ ಕಡೆಯ ಹೆಣ್ಣುಮಗಳು ದೂರು ಕೊಡಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಅಂಥದೊಂದು ಸಮಿತಿ ಇದೆ ಎಂಬ ಸಂಗತಿಯನ್ನು ಎಷ್ಟು ಕಚೇರಿಗಳು ಗೋಡೆಗೆ ಅಂಟಿಸಿವೆಯೋ! ಕೆಲಸದ ನಿಯಮಗಳನ್ನು ಬರೆದು ಪ್ರಮಾಣೀಕರಿಸಿಕೊಳ್ಳಬೇಕೆಂಬ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ವಲಯಕ್ಕೆ 2014ರಲ್ಲಿ ಐದು ವರ್ಷದ ವಿನಾಯಿತಿ ಕೊಟ್ಟಿತು. 2019ರಲ್ಲಿ ಅದನ್ನು ಮುಂದುವರಿಸಿತು, ಐಟಿ ನೌಕರರ ಸಂಘ ಕಿಟು ವಿರೋಧಿಸಿದರೂ 2024ರಲ್ಲಿ ಮತ್ತೆ ಮುಂದುವರಿಸಿತು. ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬಂಥ ನಾಲ್ಕು ಷರತ್ತುಗಳು ಆ ವಿನಾಯಿತಿಗಿದ್ದವು. ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಂತೂ ಸ್ಥಾಯಿ ಆದೇಶದ ಮಾತು ಬರುವುದೇ 300 ಕಾರ್ಮಿಕರಿರುವ ಕಡೆ. ಇಪ್ಪತ್ತೈದು ಜನರ ಕನ್ಸಲ್ಟೆನ್ಸಿಗೆ ತನ್ನ ನಿಯಮ ಬರೆದಿಡು ಎಂದು ಕಾನೂನು ಕೇಳುವುದೇ ಇಲ್ಲ ಎಂದಾಯಿತು. ಬರೆಯದಿದ್ದರೆ ಅಲ್ಲಿ ನಿಯಮ ಇರುವುದಿಲ್ಲ ಎಂದಲ್ಲ, ಸ್ಥಾಪಕರ ಆ ದಿನದ ಮನಸ್ಥಿತಿಯೇ ನಿಯಮವಾಗಿರುತ್ತದೆ.

ಗಂಟೆಗಳ ವಿಷಯದಲ್ಲಿ ಮಾತ್ರ ಒಂದು ಹಳೆಯ ಗೆರೆ ಇನ್ನೂ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಮೀರಬಾರದು, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು, ಅದಕ್ಕೆ ಎರಡು ಪಟ್ಟು ಕೂಲಿ. ಈ ಗೆರೆಯನ್ನು ಸರಿಸುವ ಪ್ರಯತ್ನಗಳು ನಡೆದೇ ಇವೆ. 2024ರ ಜುಲೈಯಲ್ಲಿ ಐಟಿ ವಲಯಕ್ಕೆ ದಿನದ 14 ಗಂಟೆಯವರೆಗೆ ಅವಕಾಶ ಕೊಡುವ ಪ್ರಸ್ತಾವ ಬಂತು. 2025ರ ಜೂನ್‌ನಲ್ಲಿ ದಿನಕ್ಕೆ 10, ಓವರ್‌ಟೈಮ್ ಸೇರಿ 12, ಮೂರು ತಿಂಗಳಿಗೆ ಓವರ್‌ಟೈಮ್ 144 ಗಂಟೆ ಎಂಬ ಇನ್ನೊಂದು ಪ್ರಸ್ತಾವ ಬಂತು. ಇನ್ಫೊಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಸುದ್ದಿಯಾಯಿತು. ಇವುಗಳ ಎದುರು ಇರುವ ಪುರಾವೆ ಏನು? ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದ ಹೆಣ್ಣುಮಕ್ಕಳ ಉತ್ಪಾದನೆಯ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕ್ಯಾವೆಲ್ ಮತ್ತೆ ಪರಿಶೀಲಿಸಿದ್ದಾರೆ. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚಿನ ಗಂಟೆಯ ಫಲ ಇಳಿಯುತ್ತ ಹೋಗುತ್ತದೆ. 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆ ದುಡಿದವರಿಗಿಂತ ಹೆಚ್ಚೇನೂ ಇರಲಿಲ್ಲ. ಅದು ಗುಂಡು ಎಣಿಸಬಹುದಾದ ಕೆಲಸ. ತಂತ್ರಾಂಶದಲ್ಲಿ ದಣಿದವರು ಬರೆದ ತಪ್ಪು ಮೂರು ವಾರದ ನಂತರ ಹೊರಬೀಳುತ್ತದೆ, ಆಗ ಅದನ್ನು ಹುಡುಕುವ ಗಂಟೆಗಳು ಇನ್ನೊಂದು ಬಿಲ್ಲಿನಲ್ಲಿ ಸೇರಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಪ್ರತಿಶತ ಹೆಚ್ಚು. ಈ ಅಂಕಿಗಳು ಗುಟ್ಟಿನವಲ್ಲ. ಆದರೂ 70 ಗಂಟೆಯ ಮಾತು ಮತ್ತೆ ಮತ್ತೆ ಬರುವುದೇಕೆಂದರೆ, ಹೆಚ್ಚಿನ ಗಂಟೆಯ ಫಲ ಉಣ್ಣುವವರು ಬೇರೆ, ಅದರ ಬೆಲೆ ತೆರುವವರು ಬೇರೆ.

ನಮ್ಮ ಕಡೆ ಇಂಥ ಮಾತಿಗೆ ಬಸವಣ್ಣನವರನ್ನು ಸಾಕ್ಷಿಗೆ ಕರೆಯುವುದು ರೂಢಿಯಾಗಿಬಿಟ್ಟಿದೆ. ಬಸವನ ಬಾಗೇವಾಡಿಯ ಜಿಲ್ಲೆಯವರಾದ ನಾವೇ ಇದನ್ನು ತಡೆಯಬೇಕಿತ್ತು. ಕಾಯಕ ತತ್ವಕ್ಕೆ ಎಲ್ಲರೂ ಹೆಸರಿಸುವ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಅವರ ಕತೆಯಲ್ಲಿ ಹೆಚ್ಚು ದುಡಿದವರಿಗೆ ಹೊಗಳಿಕೆ ಇಲ್ಲ. ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸುತ್ತಾಳೆ. ಕಾಯಕಕ್ಕೆ ಒಂದು ಮಿತಿ ಇದೆ, ದುಡಿಮೆಯ ಫಲ ದಾಸೋಹಕ್ಕೆ ಸಲ್ಲಬೇಕು, ಒಬ್ಬರ ಕಣಜಕ್ಕಲ್ಲ ಎಂಬುದು ಆ ಕತೆಯ ಹುರುಳು. ಫಲ ಎಲ್ಲಿ ಹೋಯಿತು ಎಂದು ಕೇಳದೆ ಕಾಯಕವನ್ನಷ್ಟೇ ಉಳಿಸಿಕೊಂಡರೆ ಅದು ಓವರ್‌ಟೈಮ್ ಕೊಡದಿರಲು ಸಿಕ್ಕ ಒಳ್ಳೆಯ ನೆಪವಾಗುತ್ತದೆ. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ಇದನ್ನು ಚೆನ್ನಾಗಿ ಅರಿತವರು. 1910ರಲ್ಲಿ ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಗೆ ಬುನಾದಿ ಹಾಕಿದ ಅವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ವಚನಶಾಸ್ತ್ರ ಮತ್ತು ಸಹಕಾರಿ ಬ್ಯಾಂಕು ಅವರಿಗೆ ಬೇರೆ ಬೇರೆ ಕೆಲಸವಾಗಿದ್ದಂತೆ ಕಾಣುವುದಿಲ್ಲ.

ಸಹಕಾರದ ಈ ಎಳೆ ಸಾಫ್ಟ್‌ವೇರಿಗೂ ಬಂದಿದೆ, ಅದೂ ಕರ್ನಾಟಕದಲ್ಲೇ. ಬೆಂಗಳೂರಿನ ನಿಲೆನ್ಸೊ 2013ರಲ್ಲಿ ಶುರುವಾದ ಸಣ್ಣ ಕನ್ಸಲ್ಟೆನ್ಸಿ. ತನ್ನನ್ನು ಅದು ನೌಕರರ ಒಡೆತನದ ಸಹಕಾರಿ ಎಂದು ಕರೆದುಕೊಳ್ಳುತ್ತದೆ. ಕಾನೂನಿನ ಪುಸ್ತಕದಲ್ಲಿ ಮಾತ್ರ ಅದು ಸಹಕಾರ ಸಂಘವಲ್ಲ, 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯ ಕೆಳಗೆ ನೋಂದಾಯಿತವಾದ ಎಲ್‌ಎಲ್‌ಪಿ. ಒಳಗಿನ ಹಣಕಾಸು ಒಳಗಿನವರಿಗೆಲ್ಲ ತೆರೆದಿರಬೇಕು, ಮುಖ್ಯ ತೀರ್ಮಾನಗಳಲ್ಲಿ ದುಡಿಯುವವರಿಗೆ ಮತ ಇರಬೇಕು, ಒಡೆತನ ಅವರದೇ ಆಗಿರಬೇಕು ಎಂಬುದು ಅದರ ಕಟ್ಟಳೆ. ಇಂಥ ಕಂಪನಿ ಆಟಿಕೆಯ ಕೆಲಸ ಮಾಡುತ್ತಿರಬಹುದು ಎಂದುಕೊಳ್ಳುವವರಿಗೆ ಒಂದು ಉದಾಹರಣೆ ಸಾಕು. ಅಧಿಕ ರಕ್ತದೊತ್ತಡದ ರೋಗಿಗಳ ದಾಖಲೆ ಇಡುವ ಸಿಂಪಲ್ ಎಂಬ ಆ್ಯಪ್ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು ರೋಗಿಯ ಬಿಪಿ ಮತ್ತು ಔಷಧಿಯನ್ನು ಕೆಲವೇ ಸೆಕೆಂಡುಗಳಲ್ಲಿ ಮೊಬೈಲಿಗೆ ಹಾಕುವಂತೆ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುವಂತೆ ಅದನ್ನು ಕಟ್ಟಲಾಗಿದೆ. ರಿಸಾಲ್ವ್ ಟು ಸೇವ್ ಲೈವ್ಸ್ ಸಂಸ್ಥೆಯ ಈ ಯೋಜನೆಯಲ್ಲಿ ತಂತ್ರಾಂಶ ಕಟ್ಟಿದವರಲ್ಲಿ ನಿಲೆನ್ಸೊ ಒಂದು. ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ, ಬಾಂಗ್ಲಾದೇಶ, ಇಥಿಯೋಪಿಯಾ, ಶ್ರೀಲಂಕಾಗಳಲ್ಲಿ ಅದು ಬಳಕೆಯಾಗಿದೆ. ಅದರ ಕೋಡು ಯಾರು ಬೇಕಾದರೂ ನೋಡಬಹುದಾದ ಮುಕ್ತ ಕೋಡು.

ಲೆಕ್ಕ ತೆರೆದಿಟ್ಟರೆ ದಿನನಿತ್ಯದ ಕೆಲಸದಲ್ಲಿ ಬದಲಾಗುವುದೇನು? ಹೆಚ್ಚು ಬದಲಾಗುವುದು ಗಿರಾಕಿಗೆ ಇಲ್ಲ ಎನ್ನುವ ಶಕ್ತಿ. ಒಂದು ಕೆಲಸ ನಾಲ್ಕು ತಿಂಗಳದ್ದು ಎಂದು ಬರೆಯುವವರೇ ಅಂದಾಜು ಹಾಕಿದಾಗ, ಗಿರಾಕಿ ಮೂರರಲ್ಲಿ ಮುಗಿಸಿ ಎಂದರೆ, ಆ ಒಂದು ತಿಂಗಳು ಯಾರ ರಾತ್ರಿಯಿಂದ ಬರುತ್ತದೆ ಎಂಬುದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಿರುತ್ತದೆ. ಮೂರಕ್ಕೆ ಒಪ್ಪುವುದಾದರೆ ಯಾವ ಸೌಲಭ್ಯ ಬಿಡಬೇಕು ಎಂಬ ಮಾತು ಆಗಲೇ ನಡೆಯುತ್ತದೆ, ಮೂರನೇ ತಿಂಗಳ ಕೊನೆಯ ವಾರದಲ್ಲಲ್ಲ. ಬೆಂಚಿನ ಮೇಲೆ ಇಬ್ಬರು ಕೂತಿದ್ದರೆ ಅದು ಅವರ ಅವಮಾನವಾಗದೆ ಎಲ್ಲರ ಲೆಕ್ಕದ ಒಂದು ಸಾಲಾಗುತ್ತದೆ. ಆ ಬಿಡುವಿನಲ್ಲಿ ಹೊಸದೇನು ಕಲಿಯಬೇಕು ಎಂದು ಯೋಚಿಸಬಹುದು. ಬ್ಯಾಂಕಿನಲ್ಲಿ ಎಷ್ಟು ತಿಂಗಳ ಪಗಾರಕ್ಕೆ ಹಣವಿದೆ ಎಂದು ತಿಳಿದವರು ಕೆಟ್ಟ ಗಿರಾಕಿಯನ್ನು ಯಾವಾಗ ಬಿಡಬಹುದು, ಯಾವಾಗ ಹಲ್ಲು ಕಚ್ಚಿ ಸಹಿಸಬೇಕು ಎಂಬುದನ್ನೂ ತಿಳಿದಿರುತ್ತಾರೆ. ಕೆಂಟ್ ಬೆಕ್ 1999ರಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ವಿಧಾನವನ್ನು ವಿವರಿಸುತ್ತ ಅದರ ಹನ್ನೆರಡು ರೂಢಿಗಳಲ್ಲಿ ವಾರಕ್ಕೆ 40 ಗಂಟೆ ಎಂಬುದನ್ನೂ ಸೇರಿಸಿದ್ದರು. ಇಬ್ಬರು ಕೂಡಿ ಕೋಡ್ ಬರೆಯುವುದು, ಪರೀಕ್ಷೆಯನ್ನು ಮೊದಲೇ ಬರೆಯುವುದು ಎಂಬ ರೂಢಿಗಳನ್ನು ಎಷ್ಟೋ ಕಂಪನಿಗಳು ಎತ್ತಿಕೊಂಡವು. 40 ಗಂಟೆಯದನ್ನು ಹೆಚ್ಚಿನವರು ಅಲ್ಲೇ ಬಿಟ್ಟರು. ಬಿಟ್ಟದ್ದು ಮರೆವಿನಿಂದಲ್ಲ. ಉಳಿದ ರೂಢಿಗಳು ಕೋಡನ್ನು ಸುಧಾರಿಸುತ್ತವೆ, ಇದೊಂದು ರೂಢಿ ಲಾಭದ ಅಂತರಕ್ಕೆ ಕೈ ಹಾಕುತ್ತದೆ.

ಇದಕ್ಕೆ ನಮ್ಮ ಭಾಗದಲ್ಲಿ ಬರುವ ಮೊದಲ ಆಕ್ಷೇಪ ಊಹಿಸಬಹುದಾದದ್ದೇ: ಸಹಕಾರ ಎಂದರೆ ರಾಜಕೀಯ. ಸೊಸೈಟಿ ಚುನಾವಣೆ, ಕಾರ್ಖಾನೆ ನಿರ್ದೇಶಕರ ಚುನಾವಣೆ, ಬಾಕಿ ಬಿಲ್ಲಿನ ಧರಣಿ ಇವೆಲ್ಲ ಕಂಡವರಿಗೆ ಸಾಫ್ಟ್‌ವೇರಿಗೂ ಈ ಗೋಳು ಬೇಕೇ ಎನಿಸುವುದು ಸಹಜ. ಆದರೆ ಇಲ್ಲೊಂದು ಭೇದ ಗಮನಿಸಬೇಕು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಸಾಲ ಪಡೆಯುವ ರೈತರ ಸಂಘ. ಸಹಕಾರಿ ಸಕ್ಕರೆ ಕಾರ್ಖಾನೆಯ ಸದಸ್ಯರು ಕಬ್ಬು ಕೊಡುವವರು, ಹಾಲಿನ ಒಕ್ಕೂಟದ ಸದಸ್ಯರು ಹಾಲು ಕೊಡುವವರು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವರು ಅಲ್ಲಿ ಪಗಾರದವರೇ ಹೊರತು ಒಡೆಯರಲ್ಲ. ಸಾವಿರಾರು ಸದಸ್ಯರು ಊರೂರಲ್ಲಿ ಚದುರಿ, ವರ್ಷಕ್ಕೊಮ್ಮೆ ಸಭೆಗೆ ಬರುವಲ್ಲಿ ಮತಕ್ಕೂ ಲೆಕ್ಕಕ್ಕೂ ಸಂಬಂಧ ಕಡಿದುಹೋಗುತ್ತದೆ. ದುಡಿಯುವವರೇ ಸದಸ್ಯರಾಗಿರುವ ಸಹಕಾರ ಬೇರೆ ಜಾತಿಯದು, ಅದಕ್ಕೂ ನಮ್ಮ ನಾಡಿನಲ್ಲಿ ಹಳೆಯ ಉದಾಹರಣೆ ಇದೆ. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸೇರಿ ಸಂಘ ಕಟ್ಟಿಕೊಂಡರು, ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಕೇರಳದ ಊರಾಳುಂಗಲ್ ಕಾರ್ಮಿಕರ ಗುತ್ತಿಗೆ ಸಹಕಾರ ಸಂಘ 1925ರದು. ರಸ್ತೆ, ಸೇತುವೆ ಕಟ್ಟುತ್ತ ಬೆಳೆದ ಅದು ಈಗ ಕೋಳಿಕ್ಕೋಡಿನಲ್ಲಿ ಸೈಬರ್‌ಪಾರ್ಕ್ ನಡೆಸುತ್ತದೆ, ಅದಕ್ಕೊಂದು ಸಾಫ್ಟ್‌ವೇರ್ ಅಂಗವೂ ಇದೆ. ಹದಿನೈದು ಜನ ಒಂದೇ ಕೋಣೆಯಲ್ಲಿ ಕೂತು ದಿನವೂ ಒಬ್ಬರ ಮುಖ ಒಬ್ಬರು ನೋಡುವಲ್ಲಿ ಪ್ಯಾನೆಲ್ ಕಟ್ಟುವ ರಾಜಕೀಯಕ್ಕೆ ಜಾಗ ಕಡಿಮೆ. ಮನಸ್ತಾಪಕ್ಕೆ ಜಾಗ ಇದ್ದೇ ಇದೆ, ಅದನ್ನು ಅಲ್ಲಗಳೆಯಲಾರೆ.

ಪಗಾರ ಬಹಿರಂಗವಾದರೆ ಹೊಟ್ಟೆಕಿಚ್ಚು ಹುಟ್ಟುತ್ತದೆ ಎಂಬುದು ಇನ್ನೊಂದು ಮಾತು. ಹುಟ್ಟಬಹುದು. ಆದರೆ ಸರ್ಕಾರಿ ಶಾಲೆಯ ಮಾಸ್ತರರ ಪಗಾರ, ತಹಶೀಲ್ದಾರರ ಪಗಾರ, ಕೆಎಸ್‌ಆರ್‌ಟಿಸಿ ಕಂಡಕ್ಟರರ ಪಗಾರ ಎಲ್ಲವೂ ಶ್ರೇಣಿಯ ಪಟ್ಟಿಯಲ್ಲಿ ಅಚ್ಚಾಗಿಯೇ ಇವೆ, ಅದರಿಂದ ಶಾಲೆಗಳು ಮುಚ್ಚಿಲ್ಲ. ಮುಚ್ಚಿಟ್ಟ ಪಗಾರದಿಂದ ಹೊಟ್ಟೆಕಿಚ್ಚು ಹೋಗುವುದೂ ಇಲ್ಲ, ಅದು ಗುಸುಗುಸು ಆಗುತ್ತದೆ ಅಷ್ಟೇ. ಮುಚ್ಚಿಟ್ಟಾಗ ಹೆಚ್ಚು ಪಡೆಯುವವರು ಚೌಕಾಸಿ ಬಲ್ಲವರು. ಊರಿಂದ ಬಂದು ಇಂಗ್ಲಿಷಿನಲ್ಲಿ ತಡವರಿಸುವವರು, ಕೇಳಲು ಹಿಂಜರಿಯುವ ಹೆಣ್ಣುಮಕ್ಕಳು ಮೊದಲ ಮಾತಿಗೇ ಹೂಂ ಎನ್ನುತ್ತಾರೆ, ಆ ಹೂಂ ಮುಂದಿನ ಪ್ರತಿ ಇನ್‌ಕ್ರಿಮೆಂಟಿನ ಬುನಾದಿಯಾಗುತ್ತದೆ. ತೆರೆದ ಪಟ್ಟಿಯಿಂದ ಮೊದಲ ಲಾಭ ಆಗುವುದು ಇಂಥವರಿಗೆ. ಎಲ್ಲರನ್ನೂ ಕೇಳಿ ತೀರ್ಮಾನ ಮಾಡಿದರೆ ತಡವಾಗುತ್ತದೆ ಎಂಬ ಆಕ್ಷೇಪದಲ್ಲಿ ಇದಕ್ಕಿಂತ ಹೆಚ್ಚು ತೂಕವಿದೆ. ಗಿರಾಕಿ ಸಂಜೆಯೊಳಗೆ ಉತ್ತರ ಕೇಳುವಾಗ ಹದಿನೈದು ಜನರ ಮತ ಎಣಿಸುತ್ತ ಕೂರಲಾಗದು. ಅದಕ್ಕೆ ಪರಿಹಾರ ಎಲ್ಲದಕ್ಕೂ ಮತ ಹಾಕಿಸುವುದಲ್ಲ. ಯಾವುದನ್ನು ಒಬ್ಬರೇ ತೀರ್ಮಾನಿಸಬಹುದು, ಯಾವುದಕ್ಕೆ ಎಲ್ಲರೂ ಬೇಕು ಎಂಬುದನ್ನು ಮೊದಲೇ ಬರೆದಿಡುವುದು. ಹಾಗೆ ಬರೆದಿಡದ ಸಮಾನರ ಕಂಪನಿ, ಬರೆದಿಡದ ಧಣಿಯ ಕಂಪನಿಗಿಂತ ಬೇಗ ಕೆಡಬಹುದು ಎಂಬುದನ್ನೂ ಒಪ್ಪಬೇಕು.

ಬಂಡವಾಳದ ಪ್ರಶ್ನೆ ಕೇಳುವವರು ಸ್ವಲ್ಪ ಗಂಭೀರರು. ಹೂಡಿಕೆದಾರರು ಹಣ ಹಾಕುವುದು ಮುಂದೆ ಮಾರಿ ಲಾಭ ಮಾಡಲು, ದುಡಿಯುವವರ ಒಡೆತನ ಮಾರಾಟಕ್ಕಿರುವುದಿಲ್ಲ, ಆದ್ದರಿಂದ ಇಂಥ ಕಂಪನಿ ಬೆಳೆಯದು ಎಂಬುದು ಅವರ ವಾದ. ಹೊಸ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಗೆ ಇದು ನಿಜ. ಕನ್ಸಲ್ಟೆನ್ಸಿಗೆ ಬೇಕಾದ ಬಂಡವಾಳ ಕಂಪ್ಯೂಟರು, ಕೋಣೆ ಮತ್ತು ಬಿಲ್ಲು ಬರುವವರೆಗಿನ ಕೆಲ ತಿಂಗಳ ಪಗಾರ. 1981ರಲ್ಲಿ ಪುಣೆಯಲ್ಲಿ ಏಳು ಜನ ಇನ್ಫೊಸಿಸ್ ಶುರು ಮಾಡಿದ್ದು ಹತ್ತು ಸಾವಿರ ರೂಪಾಯಿಯಲ್ಲಿ. ಅದೇ ಇನ್ಫೊಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ತಂದಿತು, ಅದರಿಂದ ಸಾಮಾನ್ಯ ಮನೆಯ ಎಷ್ಟೋ ಜನ ಸ್ಥಿತಿವಂತರಾದರು. ಅದು ಸಣ್ಣ ಮಾತಲ್ಲ. ಆದರೆ ಅಂಥ ಷೇರಿನಿಂದ ಸಿಗುವುದು ಬೆಲೆ ಏರಿದರೆ ಹಣ. ಮುಂದಿನ ಒಪ್ಪಂದಕ್ಕೆ ಎಷ್ಟು ಗಂಟೆ ಒಪ್ಪಬೇಕು ಎಂಬ ಮಾತಿನಲ್ಲಿ ಪಾಲು ಸಿಗುವುದಿಲ್ಲ. ಇನ್ನು ಸಹಕಾರ ಒಡೆತನ ಸೋಲಿನಿಂದ ಕಾಪಾಡುತ್ತದೆ ಎಂದೂ ಹೇಳಲಾರೆ. ಸ್ಪೇನಿನ ಮೊಂಡ್ರಾಗನ್ ಜಗತ್ತಿನ ಅತಿ ಹೆಸರಾದ ಕಾರ್ಮಿಕ ಸಹಕಾರ ಸಮೂಹ. ಅದರ ಫ್ಯಾಗೋರ್ ಎಂಬ ಗೃಹೋಪಕರಣ ಕಂಪನಿ ದಿವಾಳಿಯಾದದ್ದು ನಿಲೆನ್ಸೊ ಹುಟ್ಟಿದ 2013ರಲ್ಲೇ. ಗಿರಾಕಿಗಳು ಒಮ್ಮೆಲೇ ಕೈಬಿಟ್ಟರೆ ಒಡೆಯರಾಗಿರುವ ದುಡಿಯುವವರು ತಮ್ಮ ಪಗಾರವನ್ನು ತಾವೇ ಕಡಿದುಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಸಾಲ ಇರುವವರಿಗೆ, ತಂಗಿಯ ಮದುವೆ ಮುಂದಿರುವವರಿಗೆ ಆ ಅಪಾಯ ಬೇಡವೆನಿಸಿದರೆ ಅದು ತಪ್ಪಲ್ಲ. ಅವರು ಪಗಾರದ ನೌಕರಿಯನ್ನೇ ಆರಿಸಿಕೊಳ್ಳಲಿ. ಅಲ್ಲೂ ಲೆಕ್ಕವನ್ನು ಕೇಳುವ ಹಕ್ಕು ಬಿಡಬೇಕಿಲ್ಲ.

ಕೊನೆಗೆ ಬರುವ ಮಾತು ಎಲ್ಲಕ್ಕಿಂತ ಕಟುವಾದದ್ದು. ಇದೆಲ್ಲ ಆಯ್ಕೆ ಇರುವವರ ಚರ್ಚೆ. ಇಂಡಿಯ ನಿಂಬೆ ತೋಟದಿಂದ, ಸಿಂದಗಿಯ ತೊಗರಿ ಹೊಲದಿಂದ ಮೊದಲ ಬಾರಿ ಕಚೇರಿಗೆ ಹೋಗುತ್ತಿರುವವರಿಗೆ ಸಿಕ್ಕ ನೌಕರಿಯೇ ನೌಕರಿ, ಅವರೇನು ಒಡೆತನ ಕೇಳುತ್ತಾರೆ? ಒಡೆತನ ಕೇಳುವುದು ಬೇಡ. ಕೆಲವು ಪ್ರಶ್ನೆ ಕೇಳುವುದಕ್ಕೆ ಖರ್ಚಿಲ್ಲ. ನೇಮಕದ ಆದೇಶ ಬರಹದಲ್ಲಿ ಕೊಡುತ್ತೀರಾ (1961ರ ಕಾಯ್ದೆಯೇ ಅದನ್ನು ಕೊಡಬೇಕೆನ್ನುತ್ತದೆ), ಭವಿಷ್ಯ ನಿಧಿ ಇದೆಯೇ, ಎರಡು ವರ್ಷದ ಬಾಂಡ್ ಇದ್ದರೆ ಅದರ ಬದಲಿಗೆ ನೀವು ಕೊಡುವ ತರಬೇತಿ ಯಾವುದು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೀರಾ, ಕೆಲಸದ ಅಂದಾಜು ಹಾಕುವವರು ಯಾರು, ಕಳೆದ ಆರು ತಿಂಗಳಲ್ಲಿ ಶನಿವಾರ ಎಷ್ಟು ಬಾರಿ ಕೆಲಸವಾಯಿತು. ಮೂಲ ಅಂಕಪಟ್ಟಿ ಕೇಳುವ ಕಂಪನಿಯಿಂದ ಎದ್ದು ಬರುವುದೇ ಲೇಸು. ಈ ಪ್ರಶ್ನೆಗಳನ್ನು ಒಬ್ಬೊಬ್ಬ ಹುಡುಗ ಒಬ್ಬೊಬ್ಬ ಹುಡುಗಿ ಒಂಟಿಯಾಗಿ ಕೇಳುವುದು ಕಷ್ಟ. ಕಾಲೇಜಿನ ಪ್ಲೇಸ್‌ಮೆಂಟ್ ಕಚೇರಿ ಕೇಳಬಹುದು. ಎಷ್ಟು ಜನರಿಗೆ ನೌಕರಿ ಸಿಕ್ಕಿತು ಎಂಬ ಸಂಖ್ಯೆಯನ್ನು ಫ್ಲೆಕ್ಸಿನಲ್ಲಿ ಹಾಕುವ ಕಾಲೇಜುಗಳು ಅದರ ಪಕ್ಕದಲ್ಲಿ ಈ ಉತ್ತರಗಳನ್ನೂ ಹಾಕಲಿ.

ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು 1980ರಿಂದ ಇದೆ. ಅವರು ಕಟ್ಟಿದ ಸಹಕಾರಿ ಬ್ಯಾಂಕಿಗೆ ನೂರು ವರ್ಷ ದಾಟಿದೆ. ಗಿರಾಕಿ ಪುಣೆಯಲ್ಲೋ ಬರ್ಲಿನ್ನಿನಲ್ಲೋ ಇದ್ದು ಕೋಡು ಬರೆಯುವವರು ಇನ್ನೆಲ್ಲೋ ಇರಬಹುದು ಎಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿದೆ. ಬೆಂಗಳೂರಿನಲ್ಲಿ ಆರೇಳು ವರ್ಷ ದುಡಿದು, ಅಪ್ಪ ಅವ್ವನ ಹತ್ತಿರ ಇರಬೇಕೆಂದು ಮರಳುತ್ತಿರುವವರು ನಾಲ್ಕೈದು ಜನ ಸೇರಿ ಇಲ್ಲೇ ಒಂದು ಕನ್ಸಲ್ಟೆನ್ಸಿ ಕಟ್ಟುವುದಾದರೆ, ಮೊದಲ ಕೆಲ ತಿಂಗಳ ಪಗಾರಕ್ಕೆ ಸಾಲ ಕೊಡುವ ಯೋಜನೆಯೊಂದನ್ನು ಜಿಲ್ಲೆಯ ಸಹಕಾರಿ ಬ್ಯಾಂಕುಗಳು ಮಾಡಬೇಕು. ಟ್ರ್ಯಾಕ್ಟರಿಗೆ, ದ್ರಾಕ್ಷಿ ಚಪ್ಪರಕ್ಕೆ ಸಾಲ ಕೊಟ್ಟು ಅನುಭವವಿರುವ ಬ್ಯಾಂಕುಗಳಿಗೆ ಒಪ್ಪಂದದ ಪತ್ರ ನೋಡಿ ಸಾಲ ಕೊಡುವುದು ಕಲಿಯಲಾಗದ ವಿದ್ಯೆಯಲ್ಲ. ಕಟ್ಟುವವರು ಮೊದಲ ದಿನವೇ ಲೆಕ್ಕವನ್ನು ಎಲ್ಲರಿಗೂ ತೆರೆದಿಡಲಿ, ಆಮೇಲೆ ತೆರೆಯುತ್ತೇವೆ ಎಂದವರು ತೆರೆಯುವುದು ಅಪರೂಪ. ಎಲ್‌ಎಲ್‌ಪಿ ನೋಂದಣಿಗೆ 2008ರ ಕಾಯ್ದೆ ಕೇಳುವುದು ಕನಿಷ್ಠ ಇಬ್ಬರು ಪಾಲುದಾರರನ್ನು. ಕನಿಷ್ಠ ಬಂಡವಾಳ ಇಷ್ಟಿರಬೇಕೆಂಬ ಷರತ್ತು ಅದರಲ್ಲಿಲ್ಲ.